ಕಲ್ಲಿದ್ದಲ ಪದರದ ಉಸಿರು

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನೆಲೆಸಿರುವ ಕನ್ನಡಿಗರಿಗೆ ಕಲ್ಲಿದ್ದಲು ಹೊಸ ವಸ್ತುವೇನಲ್ಲ. ವಿಶಾಖಪಟ್ಟಣದ ಬಂದರಿಗೂ ಅದರ ದಕ್ಷಿಣಕ್ಕಿರುವ ಗಂಗವರಂ ಬಂದರಿಗೂ ಕಲ್ಲಿದ್ದಲು ಹೊತ್ತ ಹಡಗುಗಳು ಬರುತ್ತಲೇ ಇರುತ್ತವೆ. ಅಲ್ಲಿಯ ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗಳಿಗೆ ಬೇಕಾದ ಕಲ್ಲಿದ್ದಲಿನ ಬಹುಪಾಲು ಸಮುದ್ರ ದಾಟಿ, ಮುಖ್ಯವಾಗಿ ಆಸ್ಟ್ರೇಲಿಯದಿಂದ, ಬರುವಂಥದು. ಇತ್ತ ವಿಜಯವಾಡದ ನಿಲ್ದಾಣದಲ್ಲಿ ಊರಿನ ಗಾಡಿಗೆ ಕಾದು ಕುಳಿತವರು ಎದುರಿನ ಹಳಿಯಲ್ಲಿ ಸಾಗುವ ಕಲ್ಲಿದ್ದಲ ವ್ಯಾಗನ್ನುಗಳನ್ನು ಮಕ್ಕಳಿಗೆ ಎಣಿಸಲು ಹೇಳಿ ಹೊತ್ತು ಕಳೆದಿರುವುದುಂಟು. ಊರಿನ ಪಕ್ಕದ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ೧೯೭೯ರಿಂದ ಈ ಕಲ್ಲಿದ್ದಲನ್ನೇ ಉಂಡು ಬೆಳೆದಿದೆ.

ನಮ್ಮ ಕಣ್ಣಿಗೆ ಬೀಳುವ ಕಲ್ಲಿದ್ದಲು ತಣ್ಣಗಿನ, ಜಡವಾದ, ಮುಟ್ಟಿದರೆ ಕೈ ಕಪ್ಪಾಗುವ ಒಂದು ಕಲ್ಲು ಅಷ್ಟೇ. ಆದರೆ ಭೂಮಿಯ ಒಡಲಲ್ಲಿದ್ದಾಗ ಅದು ಹೀಗಿರಲಿಲ್ಲ. ಅದರೊಳಗೆ ಅನಿಲವಿತ್ತು. ಆ ಅನಿಲ ಎರಡು ಶತಮಾನಗಳಲ್ಲಿ ಸಾವಿರಾರು ಗಣಿ ಕಾರ್ಮಿಕರ ಜೀವ ತೆಗೆದಿದೆ. ಆ ಜೀವಗಳನ್ನು ಉಳಿಸುವುದಕ್ಕೆಂದು ಪದರದಿಂದ ಅನಿಲವನ್ನು ಮೊದಲೇ ಹೀರಿ ತೆಗೆಯುವ ವಿದ್ಯೆ ಹುಟ್ಟಿತು. ಕೊನೆಗೆ ಅದೇ ಅನಿಲ ಮಾರಾಟದ ಸರಕೂ ಆಯಿತು. ಅನಿಲ ತೆಗೆದರೆ ಕಲ್ಲಿದ್ದಲ ಪದರಕ್ಕೆ ಏನಾಗುತ್ತದೆ, ಅದರಿಂದ ಗಣಿಗೆ ಇಳಿಯುವವನಿಗೆ ಎಷ್ಟು ಕ್ಷೇಮ ಎಂಬ ಪ್ರಶ್ನೆಯ ಚರಿತ್ರೆಯನ್ನು ಈ ಲೇಖನದಲ್ಲಿ ಸ್ವಲ್ಪ ನೋಡೋಣ.

ಕಲ್ಲಿದ್ದಲಿಲ್ಲದ ನಾಡಿನವರು

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. ಮೈಸೂರು ಸಂಸ್ಥಾನ ೧೯೦೨ರಲ್ಲೇ ಶಿವನಸಮುದ್ರದ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಆರಂಭವಾದಾಗ ಅದರ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಲಿನಿಂದ. ಕಲ್ಲಿದ್ದಲ ಗಣಿಯೆಂದರೆ ಎಲ್ಲೋ ಧನಬಾದ್ ಕಡೆಯ ಸುದ್ದಿ ಎಂದು ನಮ್ಮ ಹಿರಿಯರು ತಿಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆದರೂ ನಂಟು ಇಲ್ಲದಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕ ಆರಂಭಿಸಿದ ವಿದ್ಯುತ್ ಕೇಂದ್ರ ಸಿಂಗರೇಣಿಯ ಕಲ್ಲಿದ್ದಲನ್ನು ನೆಚ್ಚಿಕೊಂಡೇ ಕಟ್ಟಿದ್ದು. ವಿಜಯವಾಡದಲ್ಲಿ ನಮ್ಮ ಮನೆಯ ದೀಪವನ್ನೂ ಊರಿನಲ್ಲಿ ಅಣ್ಣತಮ್ಮಂದಿರ ಮನೆಯ ದೀಪವನ್ನೂ ಹೊತ್ತಿಸುವುದರಲ್ಲಿ ಒಂದೇ ಗಣಿಯ ಪಾಲಿದೆ ಎಂದಾಯಿತು.

ಇನ್ನೊಂದು ನಂಟು ಇದಕ್ಕಿಂತ ಹಳೆಯದು. ೧೮೯೭ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ೫೨ ಜನ ಸತ್ತರು. ಅದೇ ಕಾಲಕ್ಕೆ ಬಲೂಚಿಸ್ತಾನದ ಖೋಸ್ತ್ ಎಂಬಲ್ಲಿಯ ಕಲ್ಲಿದ್ದಲ ಗಣಿಯಲ್ಲಿ ೪೭ ಜನ ಸತ್ತರು. ಗಣಿಗಳಿಗೊಂದು ಕಾನೂನು ಬೇಕೆಂದು ಅಲ್ಲಿಯವರೆಗೆ ಕುಂಟುತ್ತ ಸಾಗಿದ್ದ ಮಾತಿಗೆ ಈ ಎರಡು ದುರಂತಗಳು ವೇಗ ಕೊಟ್ಟವು. ೧೯೦೧ರ ಮಾರ್ಚಿಯಲ್ಲಿ ಮೊದಲ ಗಣಿ ಕಾಯಿದೆ ಆಯಿತು. ೧೯೦೨ರ ಜನವರಿಯಲ್ಲಿ ಕಲ್ಕತ್ತದಲ್ಲಿ ಗಣಿ ತಪಾಸಣೆಯ ಇಲಾಖೆ ತೆರೆಯಿತು. ೧೯೦೮ರಲ್ಲಿ ಅದು ಧನಬಾದಿಗೆ ಹೋಯಿತು. ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದೇ ಇಲಾಖೆ. ಎಂದರೆ ಈ ದೇಶದ ಪ್ರತಿಯೊಬ್ಬ ಕಲ್ಲಿದ್ದಲ ಕಾರ್ಮಿಕನ ರಕ್ಷಣೆಗಿರುವ ಕಾನೂನಿನ ಹಿಂದೆ ಕನ್ನಡ ನೆಲದ ಗಣಿಯಲ್ಲಿ ಸತ್ತ ೫೨ ಜನರೂ ಇದ್ದಾರೆ.

ಕಲ್ಲಿನೊಳಗೆ ಅನಿಲ ಹೇಗೆ ಕುಳಿತಿದೆ

ಕೋಟ್ಯಂತರ ವರ್ಷಗಳ ಹಿಂದೆ ಜೌಗಿನಲ್ಲಿ ಹೂತ ಗಿಡಮರಗಳು ಮೇಲಿನ ಮಣ್ಣಿನ ಭಾರಕ್ಕೂ ಒಳಗಿನ ಶಾಖಕ್ಕೂ ಸಿಕ್ಕಿ ಕಲ್ಲಿದ್ದಲಾದವು. ಆ ಮಾರ್ಪಾಟಿನಲ್ಲಿ ಹುಟ್ಟಿದ ಮುಖ್ಯ ಅನಿಲ ಮೀಥೇನ್. ಕೆಲವು ಕಡೆ ಇಂಗಾಲದ ಡೈಆಕ್ಸೈಡೂ ಸೇರಿರುತ್ತದೆ. ಪದರ ಆಳಕ್ಕೆ ಹೋದಷ್ಟೂ, ಕಲ್ಲಿದ್ದಲು ಪಕ್ವವಾದಷ್ಟೂ ಸಾಮಾನ್ಯವಾಗಿ ಅನಿಲ ಹೆಚ್ಚು. ಉಕ್ಕಿನ ಕಾರ್ಖಾನೆಗೆ ಬೇಕಾಗುವ ಕೋಕ್ ಆಗುವ ಕಲ್ಲಿದ್ದಲು ಇಂಥ ಪಕ್ವವಾದ ಜಾತಿಯದು.

ಅನಿಲವೆಂದೊಡನೆ ಗುಹೆಯಲ್ಲಿ ತುಂಬಿಕೊಂಡ ಹೊಗೆಯನ್ನು ಕಲ್ಪಿಸಿಕೊಳ್ಳಬಾರದು. ಕಲ್ಲಿದ್ದಲಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಒಂದು ಗ್ರಾಂ ಕಲ್ಲಿದ್ದಲಿನ ಒಳರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಬಹುದಾದರೆ ನೂರು ಚದರ ಮೀಟರಿನಷ್ಟು, ಕೆಲವು ಜಾತಿಗಳಲ್ಲಿ ಅದಕ್ಕೂ ಹೆಚ್ಚು, ಜಾಗ ಬೇಕಾದೀತು. ಈ ಗೋಡೆಗಳಿಗೆ ಮೀಥೇನಿನ ಅಣುಗಳು ಒತ್ತಡದಿಂದ ಅಂಟಿಕೊಂಡು ಕುಳಿತಿವೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು ಇದನ್ನು ಅಧಿಶೋಷಣೆ ಎಂಬ ಹೆಸರಿನಿಂದ ಬಲ್ಲರು. ಒಂದು ಟನ್ನು ಕಲ್ಲಿದ್ದಲಿನಲ್ಲಿ ಹತ್ತು ಘನಮೀಟರಿಗೂ ಹೆಚ್ಚು ಅನಿಲ ಇರುವುದು ಆಳದ ಗಣಿಗಳಲ್ಲಿ ಅಪರೂಪವಲ್ಲ. ಒಂದು ಟನ್ನು ಕಲ್ಲಿದ್ದಲಿನ ಗಾತ್ರ ಒಂದು ಘನಮೀಟರೂ ಇಲ್ಲವೆಂಬುದನ್ನು ನೆನೆದರೆ ಅದೆಷ್ಟು ಒತ್ತಿ ತುಂಬಿದೆ ಎಂಬುದು ತಿಳಿದೀತು.

ಒತ್ತಡ ಇರುವವರೆಗೆ ಅನಿಲ ಅಲ್ಲೇ ಇರುತ್ತದೆ. ಸೋಡಾ ಸೀಸೆಯ ಗೋಲಿಯನ್ನು ಒತ್ತಿದೊಡನೆ ಬುರುಗು ಏಳುವಂತೆ, ಗಣಿ ತೋಡಿದೊಡನೆ ಅದು ಹೊರಡುತ್ತದೆ. ಮೀಥೇನ್ ಗಾಳಿಗಿಂತ ಹಗುರ. ಚಾವಣಿಗೆ ಹತ್ತಿ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ ೫ರಿಂದ ೧೫ರಷ್ಟು ಬೆರೆತಾಗ ಒಂದು ಕಿಡಿ ತಾಗಿದರೆ ಸಿಡಿಯುತ್ತದೆ. ಆ ಸಿಡಿತ ನೆಲದ ಮೇಲಿನ ಕಲ್ಲಿದ್ದಲ ಧೂಳನ್ನು ಎಬ್ಬಿಸಿದರೆ ಧೂಳೇ ಹೊತ್ತಿಕೊಂಡು ಗಣಿಯ ಉದ್ದಗಲಕ್ಕೂ ಓಡುತ್ತದೆ. ದೊಡ್ಡ ದುರಂತಗಳು ಹೆಚ್ಚಾಗಿ ಈ ಎರಡೂ ಸೇರಿ ಆದವು.

ದೀಪದಿಂದ ಕೊಳವೆಯವರೆಗೆ

ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ೧೮೧೨ರ ಮೇ ೨೫ರಂದು ೯೨ ಜನ ಸತ್ತರು. ಅದಾದ ಮೂರು ವರ್ಷಕ್ಕೆ ಹಂಫ್ರಿ ಡೇವಿ ತಂತಿಬಲೆಯ ದೀಪವನ್ನು ತಯಾರಿಸಿದ. ಬಲೆ ಜ್ವಾಲೆಯ ಶಾಖವನ್ನು ಹೀರಿಕೊಳ್ಳುವುದರಿಂದ ಹೊರಗಿನ ಅನಿಲಕ್ಕೆ ಬೆಂಕಿ ತಾಗುವುದಿಲ್ಲ. ದೀಪದ ಜ್ವಾಲೆಯ ತುದಿಯಲ್ಲಿ ನೀಲಿ ಟೋಪಿ ಕಂಡರೆ ಅನಿಲ ಇದೆಯೆಂದು ಅರ್ಥ. ಬೆಳಕು ಕೊಡುವ ದೀಪವೇ ಅಳತೆಗೋಲೂ ಆಯಿತು. ಆದರೆ ದೀಪ ಬಂತೆಂಬ ಧೈರ್ಯದಿಂದ, ಮೊದಲು ಅನಿಲವಿದೆಯೆಂದು ಕೈಬಿಟ್ಟಿದ್ದ ಪದರಗಳಿಗೂ ಮಾಲೀಕರು ಜನರನ್ನು ಇಳಿಸಿದರು. ರಕ್ಷಣೆಯ ಉಪಾಯವೇ ಹೊಸ ಅಪಾಯಕ್ಕೆ ದಾರಿ ಮಾಡಿಕೊಟ್ಟ ಇಂಥ ಉದಾಹರಣೆ ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

೧೮೪೪ರ ಸೆಪ್ಟೆಂಬರಿನಲ್ಲಿ ಡರ್ಹಮ್ ಸೀಮೆಯ ಹ್ಯಾಸ್‌ವೆಲ್ ಗಣಿಯಲ್ಲಿ ಸ್ಫೋಟವಾಗಿ ೯೫ ಜನ ಸತ್ತಾಗ ವಿಚಾರಣೆಗೆ ಸರಕಾರ ಕಳಿಸಿದ್ದು ಮೈಕೆಲ್ ಫ್ಯಾರಡೆಯನ್ನೂ ಭೂಶಾಸ್ತ್ರಜ್ಞ ಚಾರ್ಲ್ಸ್ ಲಯೆಲ್ಲನನ್ನೂ. ವಿದ್ಯುತ್ತಿನ ಪಾಠದಲ್ಲಿ ನಾವೆಲ್ಲ ಓದಿದ ಅದೇ ಫ್ಯಾರಡೆ. ಕಲ್ಲಿದ್ದಲು ತೆಗೆದ ಮೇಲೆ ಚಾವಣಿ ಕುಸಿದು ಉಳಿಯುವ ಪೊಳ್ಳಿನಲ್ಲಿ ಅನಿಲ ಕೂಡಿಕೊಳ್ಳುತ್ತದೆ. ಗಣಿಯವರು ಇದಕ್ಕೆ ಗೋಫ್ ಎನ್ನುತ್ತಾರೆ. ಗಾಳಿ ಬೀಸಿ ಅನಿಲವನ್ನು ತೆಳುವಾಗಿಸುವುದಷ್ಟೇ ಸಾಲದು, ಕೊಳವೆ ಹಾಕಿ ಗೋಫಿನಿಂದ ಅದನ್ನು ಎಳೆದು ತೆಗೆಯಬೇಕು ಎಂದು ಅವರಿಬ್ಬರೂ ಸಲಹೆ ಮಾಡಿದರು. ಕಲ್ಲಿದ್ದಲ ಧೂಳೂ ಉರಿದು ಸ್ಫೋಟವನ್ನು ಬೆಳೆಸಿತೆಂದು ಗುರುತಿಸಿದರು. ಎರಡೂ ಮಾತು ಸತ್ಯ. ಆದರೆ ಗಣಿಯವರು ಎರಡನ್ನೂ ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ೧೯೦೬ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ೧,೦೯೯ ಜನ ಸತ್ತ ಮೇಲೆ ಧೂಳಿನ ಮಾತು ಎಲ್ಲರಿಗೂ ಅರ್ಥವಾಯಿತು. ಅನಿಲವನ್ನು ಕ್ರಮಬದ್ಧವಾಗಿ ಕೊಳವೆಯಿಂದ ಎಳೆದು ಹೊರಕ್ಕೆ ಒಯ್ಯುವ ಕೆಲಸ ನೆಲೆಗೊಂಡದ್ದು ೧೯೪೩ರಲ್ಲಿ, ಜರ್ಮನಿಯ ರೂರ್ ಪ್ರಾಂತದ ಮಾನ್ಸ್‌ಫೆಲ್ಡ್ ಗಣಿಯಲ್ಲಿ. ಫ್ಯಾರಡೆ ಹೇಳಿ ಸುಮಾರು ನೂರು ವರ್ಷವಾಗಿತ್ತು.

ಪದರವೇ ಸಿಡಿದಾಗ

ಬೆಂಕಿಯಿಲ್ಲದೆಯೂ ಅನಿಲ ಕೊಲ್ಲಬಲ್ಲದು. ಕೆಲವು ಗಣಿಗಳಲ್ಲಿ ಅಗೆಯುತ್ತಿದ್ದ ಮುಖವೇ ಒಮ್ಮೆಗೇ ಒಡೆದು ಪುಡಿಯಾದ ಕಲ್ಲಿದ್ದಲೂ ಅನಿಲವೂ ಪ್ರವಾಹದಂತೆ ನುಗ್ಗುತ್ತವೆ. ೧೮೩೪ರಲ್ಲಿ ಫ್ರಾನ್ಸಿನ ಇಸಾಕ್ ಗಣಿಯಲ್ಲಿ ಇಂಥದೊಂದು ಮೊದಲು ದಾಖಲಾಯಿತು. ೧೮೭೯ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಅಗ್ರಾಪ್ ಗಣಿಯಲ್ಲಿ ಹೀಗೆ ನುಗ್ಗಿದ ಅನಿಲ ಬಾವಿಯ ಬಾಯಿಯವರೆಗೆ ಏರಿ ಹೊತ್ತಿಕೊಂಡು ೧೨೧ ಜನ ಸತ್ತರು. ೧೯೬೯ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಡಾನ್‌ಬಾಸಿನಲ್ಲಿ ಗಗಾರಿನ್ ಹೆಸರಿನ ಗಣಿಯಲ್ಲಿ ಒಂದೇ ಸಲಕ್ಕೆ ೧೪,೦೦೦ ಟನ್ನಿನಷ್ಟು ಕಲ್ಲಿದ್ದಲು ಸಿಡಿದು ಬಂತು.

ಇದು ಏಕಾಗುತ್ತದೆ? ಮೂರು ಕಾರಣ ಕೂಡಬೇಕು. ಮೇಲಿನ ಬಂಡೆಯ ಭಾರ, ಒಳಗಿನ ಅನಿಲದ ಒತ್ತಡ, ಕಲ್ಲಿದ್ದಲಿನ ದುರ್ಬಲತೆ. ಪದರದಲ್ಲಿ ಬಿರುಕು, ಮಡಿಕೆ ಇದ್ದ ಕಡೆ ಕಲ್ಲಿದ್ದಲು ಪುಡಿಪುಡಿಯಾಗಿರುತ್ತದೆ. ಅಂಥ ಕಡೆ ಗಣಿಯ ಮುಖ ಹತ್ತಿರವಾದಾಗ ತಡೆದಿದ್ದ ಗೋಡೆ ತೆಳುವಾಗುತ್ತದೆ. ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಉದಾಹರಣೆ ಸಾಕು. ಆವಿಯನ್ನು ನಿಧಾನವಾಗಿ ಬಿಟ್ಟು ಮುಚ್ಚಳ ತೆಗೆದರೆ ಅನ್ನ, ಹಾಗೆಯೇ ತೆಗೆದರೆ ಆಸ್ಪತ್ರೆ.

ಕೋಲಾರದ ಗಣಿಯ ಕಡೆಯವರಿಗೆ ಇದರ ಒಂದು ಅರ್ಧ ಚೆನ್ನಾಗಿ ಗೊತ್ತು. ಚಾಂಪಿಯನ್ ರೀಫಿನ ಆಳದಲ್ಲಿ ಅನಿಲದ ನೆರವಿಲ್ಲದೆ ಬಂಡೆಯ ಭಾರದಿಂದಲೇ ಗೋಡೆಗಳು ಸಿಡಿಯುತ್ತಿದ್ದವು. ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು. ಬಂಡೆಯ ಈ ವರ್ತನೆಯನ್ನು ಅರಿಯಲೆಂದೇ ೧೯೮೮ರಲ್ಲಿ ಅಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಕಲ್ಲಿದ್ದಲಿನಲ್ಲಿ ಭಾರದ ಜತೆ ಅನಿಲವೂ ಕೈಗೂಡಿಸುತ್ತದೆ, ಅಷ್ಟೇ ಭೇದ.

ಅನಿಲ ಹೋದ ಮೇಲೆ

ಗಣಿ ತೋಡುವ ಮೊದಲೇ, ಕೆಲವು ಸಲ ಹಲವಾರು ವರ್ಷ ಮೊದಲೇ, ನೆಲದ ಮೇಲಿನಿಂದ ಪದರದವರೆಗೆ ಕೊಳವೆಬಾವಿ ಕೊರೆಯುತ್ತಾರೆ. ಅಥವಾ ಗಣಿಯೊಳಗಿನಿಂದ ಪದರದ ಉದ್ದಕ್ಕೆ ಅಡ್ಡ ರಂಧ್ರ ಕೊರೆಯುತ್ತಾರೆ. ಮೊದಲು ನೀರನ್ನು ಪಂಪಿನಿಂದ ತೆಗೆಯಬೇಕು. ನೀರಿನ ಒತ್ತಡ ಇಳಿದಾಗ ಗೋಡೆಗೆ ಅಂಟಿದ್ದ ಮೀಥೇನ್ ಕಳಚಿ ಸೀಳುಗಳ ಮೂಲಕ ಬಾವಿಗೆ ಹರಿಯುತ್ತದೆ. ಸೀಳುಗಳು ಸಾಲದಿದ್ದರೆ ನೀರನ್ನೂ ಮರಳನ್ನೂ ಜೋರಾಗಿ ನುಗ್ಗಿಸಿ ಪದರದಲ್ಲಿ ಬಿರುಕು ಮಾಡುತ್ತಾರೆ.

ಆಗ ಪದರದಲ್ಲಿ ಎರಡು ವಿರುದ್ಧ ಕ್ರಿಯೆಗಳು ನಡೆಯುತ್ತವೆ. ಒಳಗಿನ ಒತ್ತಡ ಇಳಿದುದರಿಂದ ಮೇಲಿನ ಬಂಡೆಯ ಭಾರವನ್ನು ಕಲ್ಲಿದ್ದಲೇ ಹೊರಬೇಕಾಗಿ ಸೀಳುಗಳು ಅಮುಕಿಕೊಳ್ಳುತ್ತವೆ. ಅನಿಲದ ದಾರಿ ಕಿರಿದಾಗುತ್ತದೆ. ಇನ್ನೊಂದು ಕಡೆ, ಅನಿಲ ಬಿಟ್ಟ ಕಲ್ಲಿದ್ದಲು ತಾನೇ ಕುಗ್ಗುತ್ತದೆ. ಬೇಸಿಗೆಯಲ್ಲಿ ನೀರು ಆರಿದ ಕೆರೆಯಂಗಳ ಬಿರುಕು ಬಿಡುವುದನ್ನು ನಾವೆಲ್ಲ ಊರಿನಲ್ಲಿ ನೋಡಿದ್ದೇವೆ. ಹಾಗೆಯೇ ಇಲ್ಲಿಯೂ ಕುಗ್ಗಿದ ತುಂಡುಗಳ ನಡುವೆ ಸೀಳುಗಳು ಅಗಲವಾಗಿ ಅನಿಲಕ್ಕೆ ದಾರಿ ಬಿಡುತ್ತವೆ. ಯಾವ ಪದರದಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಅಲ್ಲಲ್ಲೇ ಅಳೆದು ನೋಡಬೇಕಲ್ಲದೆ ಪುಸ್ತಕ ನೋಡಿ ಹೇಳಲಾಗದು.

ಗಣಿಗಾರನಿಗೆ ಲಾಭವೇನೆಂದರೆ, ಅನಿಲ ಕಳೆದ ಕಲ್ಲಿದ್ದಲು ಒಳಗಿನಿಂದ ತಳ್ಳುವ ಬಲವನ್ನು ಕಳೆದುಕೊಂಡಿರುತ್ತದೆ. ಅದು ಸಿಡಿಯುವ ಸಂಭವ ಬಹಳ ಕಡಿಮೆ. ಅಗೆಯುವಾಗ ಹೊರಡುವ ಅನಿಲವೂ ಕಡಿಮೆಯಾದ್ದರಿಂದ ಫ್ಯಾನಿನ ಗಾಳಿ ಅದನ್ನು ಸುಲಭವಾಗಿ ತೆಳುಗೊಳಿಸುತ್ತದೆ.

ತೊಂದರೆಗಳೂ ಇವೆ. ನೀರೂ ಅನಿಲವೂ ಹೋದ ಪದರ ಒಣಗಿರುತ್ತದೆ. ಅಗೆದಾಗ ಧೂಳು ಹೆಚ್ಚು ಏಳುತ್ತದೆ. ಗೋಫಿನಿಂದ ಅತಿಯಾಗಿ ಎಳೆದರೆ ಅನಿಲದ ಬದಲು ಗಾಳಿ ಒಳನುಗ್ಗಿ, ಅಲ್ಲಿ ಉಳಿದ ಕಲ್ಲಿದ್ದಲು ತಾನಾಗಿ ಕಾದು ಬೆಂಕಿ ಹಿಡಿಯುವ ಭಯವಿದೆ. ಬಿರುಕು ಮಾಡಿದ ಪದರದ ಚಾವಣಿ ಸಡಿಲವಾದೀತೆಂಬ ಆತಂಕವೂ ಇತ್ತು. ಅಮೆರಿಕದಲ್ಲಿ ಹಾಗೆ ಬಿರುಕು ಮಾಡಿದ ಜಾಗಗಳನ್ನು ಆಮೇಲೆ ಅಗೆದು ಪರೀಕ್ಷಿಸಿದಾಗ ಬಹುತೇಕ ಕಡೆ ಚಾವಣಿಗೆ ಹಾನಿ ಕಾಣಲಿಲ್ಲ. ಆದರೆ ಪದರದಲ್ಲಿ ಉಳಿದ ಉಕ್ಕಿನ ಕೊಳವೆಗೆ ಕತ್ತರಿಸುವ ಯಂತ್ರ ತಾಗಿದರೆ ಕಿಡಿ ಏಳುತ್ತದೆ. ಆದ್ದರಿಂದ ಪ್ರತಿಯೊಂದು ಬಾವಿಯೂ ಗಣಿಯ ನಕ್ಷೆಯಲ್ಲಿ ನಿಖರವಾಗಿ ಗುರುತಾಗಿರಬೇಕು. ಇಲ್ಲಿ ಒಂದು ಗೆರೆ ತಪ್ಪಿದರೂ ಕಷ್ಟ.

ವಿಶಾಖಪಟ್ಟಣಕ್ಕೆ ಬರುವ ಕಲ್ಲಿದ್ದಲಿನ ಹಿಂದೆ

ಹಡಗಿನಲ್ಲಿ ಬರುವ ಕೋಕ್ ಕಲ್ಲಿದ್ದಲಿಗೆ ಪ್ರಸಿದ್ಧವಾದ ನಾಡು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಅಲ್ಲಿ ತೆರೆದ ಗಣಿಗಳೂ ಇವೆ, ಆಳದ ಗಣಿಗಳೂ ಇವೆ. ಆಳದ ಗಣಿಗಳ ಚರಿತ್ರೆ ಸಾವುಗಳ ಪಟ್ಟಿಯೇ. ೧೯೫೪ರಲ್ಲಿ ಕಾಲಿನ್ಸ್‌ವಿಲ್ಲಿನಲ್ಲಿ ಪದರ ಸಿಡಿದು ೭ ಜನ ಸತ್ತರು. ಅಲ್ಲಿ ನುಗ್ಗಿದ್ದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ೧೯೭೯ರಲ್ಲಿ ಅಪ್ಪಿನ್ ಗಣಿಯ ಮೀಥೇನ್ ಸ್ಫೋಟದಲ್ಲಿ ೧೪ ಜನ. ೧೯೯೧ರಲ್ಲಿ ಸೌತ್ ಬುಲ್ಲಿಯಲ್ಲಿ ಪದರ ಸಿಡಿದು ೩ ಜನ, ೧೯೯೪ರ ಜನವರಿಯಲ್ಲಿ ವೆಸ್ಟ್ ಕ್ಲಿಫ್‌ನಲ್ಲಿ ಒಬ್ಬ.

ಈ ಕೊನೆಯ ಸಾವಿನ ನಂತರ ಅದೇ ವರ್ಷ ನ್ಯೂ ಸೌತ್ ವೇಲ್ಸಿನ ಗಣಿ ತಪಾಸಕರು ಬುಲ್ಲಿ ಪದರದ ಗಣಿಗಳಿಗೆ ಕಟ್ಟುನಿಟ್ಟಿನ ಆಜ್ಞೆ ಮಾಡಿದರು. ಪದರದ ಮಾದರಿ ತೆಗೆದು ಅಳೆಯಬೇಕು. ಅನಿಲ ನಿಗದಿಯಾದ ಮಿತಿಗಿಂತ ಕೆಳಗಿಳಿಯುವವರೆಗೆ ಮಾಮೂಲಿನಂತೆ ಅಗೆಯಕೂಡದು. ಮೀಥೇನಿಗೆ ಈ ಮಿತಿ ಟನ್ನಿಗೆ ಸುಮಾರು ೯ ಘನಮೀಟರ್, ಇಂಗಾಲದ ಡೈಆಕ್ಸೈಡಿಗೆ ಇನ್ನೂ ಕಡಿಮೆ. ಮಿತಿ ಇಳಿಯದಿದ್ದರೆ ಮತ್ತೆ ರಂಧ್ರ ಕೊರೆಯಬೇಕು, ಕಾಯಬೇಕು. ಎಷ್ಟು ದಿನವಾದರೂ ಸರಿ. ಕಾಯುವುದೇ ನಿಯಮವಾದ ಮೇಲೆ ಪದರ ಸಿಡಿದು ಸಾಯುವುದು ಆ ಪ್ರಾಂತದಲ್ಲಿ ಅಪರೂಪವಾಯಿತು.

ಆದರೆ ಕಾಯುವುದಕ್ಕೆ ಖರ್ಚಿದೆ. ಕ್ವೀನ್ಸ್‌ಲ್ಯಾಂಡಿನ ಗ್ರಾಸ್ವೆನರ್ ಗಣಿಯಲ್ಲಿ ೨೦೨೦ರ ಮೇ ೬ರಂದು ಮೀಥೇನ್ ಹೊತ್ತಿ ೫ ಜನ ಭೀಕರವಾಗಿ ಸುಟ್ಟುಕೊಂಡರು. ಅಲ್ಲಿ ಅನಿಲ ತೆಗೆಯುವ ವ್ಯವಸ್ಥೆ ಇರಲಿಲ್ಲವೆಂದಲ್ಲ. ಇತ್ತು. ವಿಚಾರಣಾ ಮಂಡಲಿ ಕಂಡುಕೊಂಡದ್ದೇನೆಂದರೆ, ಕಲ್ಲಿದ್ದಲು ಕತ್ತರಿಸುವ ವೇಗಕ್ಕೆ ಹೊರಡುತ್ತಿದ್ದ ಅನಿಲ ಆ ವ್ಯವಸ್ಥೆಯ ಶಕ್ತಿಯನ್ನು ಮೀರಿತ್ತು. ಒಂದು ಪದರವನ್ನು ಬರಿದು ಮಾಡಿದರೂ ಚಾವಣಿ ಕುಸಿದಾಗ ಮೇಲಿನ ಮತ್ತು ಕೆಳಗಿನ ಪದರಗಳ ಅನಿಲವೂ ಗೋಫಿಗೆ ಇಳಿಯುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ಅಮೆರಿಕದ ಅನುಭವವೂ ಇದೇ. ೧೯೬೮ರಲ್ಲಿ ಫಾರ್ಮಿಂಗ್‌ಟನ್ನಿನಲ್ಲಿ ೭೮ ಜನ ಸತ್ತ ಮರುವರ್ಷ ಅಲ್ಲಿ ಕಠಿಣವಾದ ಗಣಿ ಕಾಯಿದೆ ಬಂತು. ೧೯೭೦ರ ದಶಕದಲ್ಲಿ ಅಲಬಾಮಾದ ಓಕ್ ಗ್ರೋವ್‌ನಲ್ಲಿ ನೆಲದ ಮೇಲಿನಿಂದ ಬಾವಿ ಕೊರೆದು ಗಣಿಗೆ ಮುನ್ನವೇ ಅನಿಲ ತೆಗೆಯುವ ಪ್ರಯೋಗ ನಡೆಯಿತು. ರಕ್ಷಣೆಗೆಂದು ತೆಗೆದ ಅನಿಲ ಕೊಳವೆಮಾರ್ಗ ಸೇರಿ ಹಣ ತಂದಿತು. ಹೊಸ ಉದ್ಯಮವೇ ಹುಟ್ಟಿತು. ಆದರೂ ಅದೇ ಸೀಮೆಯ ಬ್ರೂಕ್‌ವುಡ್ಡಿನಲ್ಲಿ ೨೦೦೧ರ ಸೆಪ್ಟೆಂಬರ್ ೨೩ರಂದು ಚಾವಣಿ ಕುಸಿದು ಮೀಥೇನ್ ಸಿಡಿಯಿತು. ಗಾಯಗೊಂಡವನನ್ನು ಕರೆತರಲು ಒಳಕ್ಕೆ ಹೋದವರು ಎರಡನೆಯ ಸ್ಫೋಟಕ್ಕೆ ಸಿಕ್ಕಿದರು. ಒಟ್ಟು ೧೩ ಜನ ಸತ್ತರು. ಅನಿಲ ತೆಗೆಯುವುದರಲ್ಲಿ ಜಗತ್ತಿಗೇ ಮುಂದಾಗಿದ್ದ ಸೀಮೆಯಲ್ಲಿ ಹೀಗಾಯಿತು.

ನಮ್ಮ ದೇಶದಲ್ಲಿ

ನಮ್ಮಲ್ಲಿ ೧೯೩೬ರ ಡಿಸೆಂಬರಿನಲ್ಲಿ ಬಂಗಾಳದ ಪೊಯ್ಡಿ ಗಣಿಯಲ್ಲಿ ೨೦೯ ಜನ, ೧೯೫೮ರ ಫೆಬ್ರವರಿಯಲ್ಲಿ ಚಿನಾಕುರಿಯಲ್ಲಿ ಸುಮಾರು ೧೭೫ ಜನ, ೧೯೬೫ರ ಮೇ ತಿಂಗಳಲ್ಲಿ ಬಿಹಾರದ ಧೋರಿಯಲ್ಲಿ ೨೬೮ ಜನ ಸ್ಫೋಟಗಳಲ್ಲಿ ಸತ್ತರು. ೧೯೭೩ರ ಮಾರ್ಚಿಯಲ್ಲಿ ಜಿತ್‌ಪುರದಲ್ಲಿ ೪೮, ೨೦೦೬ರ ಸೆಪ್ಟೆಂಬರಿನಲ್ಲಿ ಭಾಟ್‌ಡೀಹಿನಲ್ಲಿ ೫೦. ಜನರ ನೆನಪಿನಲ್ಲಿ ಹೆಚ್ಚು ಉಳಿದ ೧೯೭೫ರ ಚಾಸ್‌ನಾಲಾ ದುರಂತದಲ್ಲಿ ೩೭೫ ಜನರನ್ನು ಕೊಂದದ್ದು ಅನಿಲವಲ್ಲ, ನುಗ್ಗಿದ ನೀರು.

ನಮ್ಮ ಕಾನೂನು ಗಣಿಗಳನ್ನು ಅನಿಲದ ಪ್ರಮಾಣದ ಮೇಲೆ ಮೂರು ದರ್ಜೆ ಮಾಡಿದೆ. ತೆಗೆದ ಕಲ್ಲಿದ್ದಲಿನ ಪ್ರತಿ ಟನ್ನಿಗೆ ೧ ಘನಮೀಟರಿಗಿಂತ ಕಡಿಮೆ ಅನಿಲ ಹೊರಟರೆ, ಗಣಿಯ ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ೦.೧ನ್ನು ಮೀರದಿದ್ದರೆ ಒಂದನೆಯ ದರ್ಜೆ. ೧ರಿಂದ ೧೦ರವರೆಗೆ ಎರಡನೆಯದು. ೧೦ನ್ನು ಮೀರಿದರೆ ಮೂರನೆಯದು. ಗಣಿಯಿಂದ ಹೊರಬೀಳುವ ಗಾಳಿಯಲ್ಲಿ ಮೀಥೇನ್ ನೂರಕ್ಕೆ ೦.೭೫ನ್ನೂ ಕೆಲಸದ ಯಾವುದೇ ಜಾಗದಲ್ಲಿ ೧.೨೫ನ್ನೂ ಮೀರಕೂಡದು. ಮೀರಿದರೆ ವಿದ್ಯುತ್ತು ಕಡಿದು ಜನರನ್ನು ಹೊರಕ್ಕೆ ಕಳಿಸಬೇಕು. ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ನಿಯಮವೆಂದರೆ ಕಲಂ ಮತ್ತು ಉಪಕಲಂ. ಆದರೆ ಗಣಿ ನಿಯಮಗಳ ಪುಸ್ತಕದಲ್ಲಿ ದಶಾಂಶ ಚುಕ್ಕೆಯ ಮುಂದಿನ ಒಂದೊಂದು ಅಂಕಿಯ ಹಿಂದೆಯೂ ಹೆಣಗಳ ಲೆಕ್ಕವಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆಂಬ ಗಾದೆ ಇಲ್ಲಿ ಎಲ್ಲ ದೇಶಗಳಿಗೂ ಸಲ್ಲುತ್ತದೆ.

ಝರಿಯಾದ ಮುನಿಡೀಹ್ ಗಣಿ ಮೂರನೆಯ ದರ್ಜೆಯದು. ೧೯೭೮ರಲ್ಲಿ ಯಂತ್ರದ ಆಸರೆಯ ಲಾಂಗ್‌ವಾಲ್ ಪದ್ಧತಿ ನಮ್ಮ ದೇಶದಲ್ಲಿ ಮೊದಲು ಬಂದದ್ದು ಅಲ್ಲಿಗೆ. ವಿಶ್ವಸಂಸ್ಥೆಯ ನೆರವಿನಿಂದ ಅದೇ ಗಣಿಯಲ್ಲಿ ಪದರದ ಮೀಥೇನನ್ನು ತೆಗೆದು ಬಳಸುವ ಪ್ರಾತ್ಯಕ್ಷಿಕೆ ನಡೆಯಿತು. ೨೦೦೮ರಲ್ಲಿ ಆ ಅನಿಲದಿಂದ ವಿದ್ಯುತ್ತು ತಯಾರಿಸಿ ಗಣಿಯ ಕಾಲೊನಿಗೆ ಕೊಟ್ಟರು. ಕೊಲ್ಲುತ್ತಿದ್ದ ಅನಿಲವೇ ಕಾರ್ಮಿಕನ ಮನೆಯಲ್ಲಿ ದೀಪವಾದದ್ದು ಸಣ್ಣ ಮಾತಲ್ಲ. ಇದಕ್ಕೆ ಮುಂಚೆಯೇ, ೧೯೯೭ರಲ್ಲಿ, ಭಾರತ ಸರಕಾರ ಕಲ್ಲಿದ್ದಲ ಪದರದ ಮೀಥೇನಿಗೆಂದು ಪ್ರತ್ಯೇಕ ನೀತಿ ಮಾಡಿತ್ತು. ರಾಣಿಗಂಜಿನಲ್ಲಿ ೨೦೦೭ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಆಗ ಒಂದೇ ಜಾಗದಲ್ಲಿ ಅನಿಲದ ಗುತ್ತಿಗೆ ಒಬ್ಬರಿಗೆ, ಕಲ್ಲಿದ್ದಲಿನ ಗುತ್ತಿಗೆ ಇನ್ನೊಬ್ಬರಿಗೆ ಎಂಬ ತೊಡಕು ಎದ್ದಿತು. ಕೋಲ್ ಇಂಡಿಯಾ ತನ್ನ ಗುತ್ತಿಗೆಯ ನೆಲದಲ್ಲಿ ತಾನೇ ಅನಿಲ ತೆಗೆಯಬಹುದೆಂದು ೨೦೧೮ರಲ್ಲಿ ಆಜ್ಞೆಯಾಯಿತು.

ಈ ತೊಡಕು ಬರಿಯ ಕಾಗದದ್ದಲ್ಲ. ಅನಿಲ ಮಾರುವವನಿಗೆ ಬಾವಿ ಆದಷ್ಟು ವರ್ಷ ಹರಿಯುತ್ತಿರಬೇಕು. ಗಣಿ ನಡೆಸುವವನಿಗೆ ಪದರ ಬೇಗ ಬರಿದಾಗಬೇಕು. ಗಣಿಗೆ ಇಳಿಯುವವನಿಗೆ ಮಾತ್ರ ಎಷ್ಟು ತೆಗೆದರು ಎಂಬುದಕ್ಕಿಂತ ಎಷ್ಟು ಉಳಿದಿದೆ ಎಂಬುದು ಮುಖ್ಯ. ಮಾರಿದ ಅನಿಲದ ಲೆಕ್ಕ ಯಾವ ಕಂಪನಿಯೂ ಚೆನ್ನಾಗಿ ಇಡುತ್ತದೆ. ಉಳಿದ ಅನಿಲದ ಲೆಕ್ಕಕ್ಕೆ ಕಾನೂನೂ ತಪಾಸಕನೂ ಬೇಕು.

ಸಿಂಗರೇಣಿಯ ಕಡೆಗೆ

ಈಗ ವಿಜಯವಾಡದ ಹಳಿಗೆ ಬರೋಣ. ಭೂವಿಜ್ಞಾನ ಸರ್ವೇಕ್ಷಣೆಯ ಡಾ. ಕಿಂಗ್ ೧೮೭೧ರಲ್ಲಿ ಯೆಲ್ಲಂದು ಬಳಿ ಕಲ್ಲಿದ್ದಲು ಕಂಡರು. ೧೮೮೬ರಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿ ಗಣಿಯ ಹಕ್ಕು ಪಡೆಯಿತು. ನಿಜಾಮರ ರೈಲು ೧೮೮೯ರಲ್ಲಿ ಆಗಿನ ಬೆಜವಾಡವನ್ನು ಮುಟ್ಟಿತು. ೧೯೨೦ರಲ್ಲಿ ಸಿಂಗರೇಣಿ ಕಾಲಿಯರೀಸ್ ಎಂಬ ಈಗಿನ ಹೆಸರು ಬಂತು. ೧೯೪೫ರಲ್ಲಿ ಹೈದರಾಬಾದ್ ಸರಕಾರ ಹೆಚ್ಚಿನ ಷೇರುಗಳನ್ನು ಕೊಂಡಿತು. ೨೦೧೪ರ ನಂತರ ಗಣಿಗಳೆಲ್ಲ ತೆಲಂಗಾಣಕ್ಕೆ ಸೇರಿವೆ. ವಿಜಯವಾಡಕ್ಕೆ ಅಲ್ಲಿಯ ಕಲ್ಲಿದ್ದಲಿನ ಜತೆಗೆ ಒಡಿಶಾದ ತಾಲ್ಚೇರಿನದೂ ಬರುತ್ತದೆ.

ಸಿಂಗರೇಣಿಯ ಆಳದ ಗಣಿಗಳು ಬಹುತೇಕ ಒಂದನೆಯ ದರ್ಜೆಯವು. ಝರಿಯಾದಷ್ಟು ಪಕ್ವವಲ್ಲದ ಆ ಕಲ್ಲಿದ್ದಲಿನಲ್ಲಿ ಮೀಥೇನ್ ಕಡಿಮೆ. ಅಲ್ಲಿಯ ಅಪಾಯಗಳು ಬೇರೆ. ಕುಸಿಯುವ ಚಾವಣಿ, ತಾನಾಗಿ ಹೊತ್ತುವ ಬೆಂಕಿ, ನೀರು. ೨೦೦೩ರ ಜೂನಿನಲ್ಲಿ ಗೋದಾವರಿಖನಿಯ ೭ ಎಲ್‌ಇಪಿ ಗಣಿಗೆ ನೀರು ನುಗ್ಗಿ ೧೭ ಜನ ಸತ್ತರು. ಒಂ‌ದನೆಯ ದರ್ಜೆಯೆಂದರೆ ಅನಿಲವೇ ಇಲ್ಲವೆಂದಲ್ಲ, ಕಡಿಮೆ ಎಂದು ಅರ್ಥ. ಗಾಳಿಯಾಡದ ಮೂಲೆಯಲ್ಲಿ ಕಡಿಮೆಯೂ ಕೂಡಿ ಹೆಚ್ಚಾಗುತ್ತದೆ. ಮೇಲಿನ ಪದರಗಳು ಮುಗಿದು ಗಣಿ ಆಳಕ್ಕಿಳಿದಂತೆ ಅಳತೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ತಾತನ ಕಾಲದಲ್ಲಿ ಅನಿಲವಿರಲಿಲ್ಲ ಎಂಬ ಮಾತು ಮೊಮ್ಮಗ ಇಳಿಯುವ ಪದರಕ್ಕೆ ಅನ್ವಯಿಸುವುದಿಲ್ಲ.

ಚರಿತ್ರೆ ಹೇಳುವುದು

ಇಷ್ಟನ್ನೆಲ್ಲ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟ. ಅನಿಲ ತೆಗೆಯುವುದು ಗಣಿಗಾರನ ಜೀವ ಉಳಿಸುವ ದೊಡ್ಡ ಉಪಾಯವೆಂಬುದು ನಿರ್ವಿವಾದ. ಆದರೆ ಅದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಅನಿಲ ತೆಗೆದ ಪದರ ಹಳೆಯ ಪದರವಲ್ಲ. ಅದು ಕುಗ್ಗಿದೆ, ಒಣಗಿದೆ, ಭಾರವನ್ನು ಬೇರೆ ರೀತಿಯಲ್ಲಿ ಹೊತ್ತಿದೆ. ಅದನ್ನು ಮತ್ತೆ ಅಳೆಯಬೇಕು. ಫ್ಯಾನು ನಿಲ್ಲಕೂಡದು, ಧೂಳಿಗೆ ನೀರು ಚಿಮುಕಿಸುವುದು ತಪ್ಪಕೂಡದು, ಕತ್ತರಿಸುವ ವೇಗ ಅನಿಲ ತೆಗೆಯುವ ವೇಗವನ್ನು ಮೀರಕೂಡದು. ಡೇವಿಯ ದೀಪ ಬಂದಾಗ ಆದ ತಪ್ಪು, ಎಂದರೆ ರಕ್ಷಣೆ ಬಂತೆಂದು ಅಪಾಯವನ್ನೇ ಹೆಚ್ಚಿಸಿಕೊಳ್ಳುವ ತಪ್ಪು, ಎರಡು ಶತಮಾನದ ಮೇಲೆ ಗ್ರಾಸ್ವೆನರಿನಲ್ಲಿಯೂ ಆಯಿತು.

ಕಲ್ಲಿದ್ದಲಿನ ಕಾಲ ಮುಗಿಯುತ್ತ ಬಂತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಮುಗಿಯುವವರೆಗೂ ಜನ ಗಣಿಗೆ ಇಳಿಯುತ್ತಲೇ ಇರುತ್ತಾರೆ. ಮುಚ್ಚಿದ ಗಣಿಯಿಂದಲೂ ಅನಿಲ ಸೋರುತ್ತಲೇ ಇರುತ್ತದೆ. ಆದ್ದರಿಂದ ಈ ವಿಷಯ ಹಳತಾಯಿತೆಂದು ಬದಿಗಿಡುವ ಹಾಗಿಲ್ಲ.

ನಮ್ಮ ಓದುಗರಲ್ಲಿ ಕೋಲಾರದ ಗಣಿಯಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇರಬಹುದು. ಕೊತ್ತಗೂಡೆಂ, ರಾಮಗುಂಡಂ ಕಡೆ ಸೇವೆ ಸಲ್ಲಿಸಿ ಈ ಊರುಗಳಲ್ಲಿ ನೆಲೆಸಿದವರೂ ಇರಬಹುದು. ಗಣಿಯ ಒಳಗಿನ ಸಂಗತಿಗಳ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ. ಹಿರಿಯರು ಹೇಳಿದ್ದನ್ನೂ ತಾವು ಕಂಡದ್ದನ್ನೂ ಅವರು ಬರೆದು ಕಳಿಸಿದರೆ ಪತ್ರಿಕೆಯ ಪುಟಗಳಿಗೆ ಅದಕ್ಕಿಂತ ಬೆಲೆಯಾದ ಸಾಮಗ್ರಿ ಬೇರೊಂದಿರಲಾರದು.